ಗೂಡಿನಿಂದ ಗಾಯಕ್ಕೆ

ಯಳಂದೂರಿನ ಹೆಸರೆತ್ತಿದರೆ ಕನ್ನಡ ಓದಿದವರಿಗೆ ಮೊದಲು ನೆನಪಾಗುವುದು ‘ಹದಿಬದೆಯ ಧರ್ಮ’ವನ್ನು ಬರೆದ ಸಂಚಿಯ ಹೊನ್ನಮ್ಮನ ಹೆಸರು. ಯಾತ್ರಿಕರಿಗೆ ನೆನಪಾಗುವುದು ಗೌರೀಶ್ವರ ದೇವಾಲಯದ ಬಳೆ ಮಂಟಪ. ಚರಿತ್ರೆಯ ವಿದ್ಯಾರ್ಥಿಗೆ, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ದೊರೆತ ಜಹಗೀರು. ಆದರೆ ಈ ಸೀಮೆಯ ಹಳೆಯ ತಲೆಮಾರಿನ ರೈತರನ್ನು ಕೂರಿಸಿಕೊಂಡು ಮಾತಿಗೆಳೆಯಿರಿ. ಗಳಿಗೆ ಕಳೆಯುವುದರೊಳಗೆ ಮಾತು ಹುಳುವಿನ ಮೇಲೆ ಬಂದು ನಿಲ್ಲುತ್ತದೆ. ಹುಳು ಎಂದರೆ ಇಲ್ಲಿ ಒಂದೇ ಹುಳು, ರೇಷ್ಮೆಯ ಹುಳು. ಮಗಳ ಮದುವೆ ಯಾವ ಬೆಳೆಯಲ್ಲಿ ಆಯಿತು, ಮನೆಗೆ ಹೆಂಚು ಯಾವ ಬೆಳೆಯಲ್ಲಿ ಬಂತು ಎಂಬ ಲೆಕ್ಕವೆಲ್ಲ ಗೂಡಿನ ಲೆಕ್ಕವೇ.

ಟಿಪ್ಪು ಸುಲ್ತಾನನು ಬಂಗಾಳದಿಂದ ಹುಳು ತರಿಸಿ ಮೈಸೂರು ರಾಜ್ಯದಲ್ಲಿ ನೆಲೆಗೊಳಿಸಿದ ಈ ಕಸುಬು ಯಳಂದೂರು, ಕೊಳ್ಳೇಗಾಲಗಳ ಕಡೆಗೆ ಹಬ್ಬಿದಾಗ ಎರಡು ಸರ್ಕಾರಗಳ ನೆಲದ ಮೇಲೆ ಬೆಳೆಯಿತು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು ಮೈಸೂರಿನದು. ಮದರಾಸಿನವರು ತಮ್ಮ ರೇಷ್ಮೆ ಎಂದು ಹೇಳಿಕೊಳ್ಳುತ್ತಿದ್ದುದು ಬಹುಮಟ್ಟಿಗೆ ಕೊಳ್ಳೇಗಾಲದ ಕನ್ನಡಿಗರ ರೇಷ್ಮೆಯನ್ನೇ. ಹುಳುವಿಗೆ ಮಾತ್ರ ಗಡಿಯ ಗೊಡವೆ ಇರಲಿಲ್ಲ. ಮುಂದೆ ಕೊಳ್ಳೇಗಾಲ, ಸಂತೆಮರಹಳ್ಳಿ, ಯಳಂದೂರು ತಾಲ್ಲೂಕಿನ ಮಾಂಬಳ್ಳಿ ಮೊದಲಾದ ಕಡೆಗಳಲ್ಲಿ ಸರ್ಕಾರದ ನೂಲು ಬಿಚ್ಚುವ ಕಾರ್ಖಾನೆಗಳು ನಡೆದುವು. ಕೊಳ್ಳೇಗಾಲದ ಜರಿಯಂಚಿನ ಸೀರೆ ಮದುವೆ ಮನೆಗಳಲ್ಲಿ ಹೆಸರಾಯಿತು.

ರೇಷ್ಮೆ ಎಂದರೆ ಸೀರೆ, ಪಂಚೆ, ಮಡಿ, ಮದುವೆ ಎಂದಷ್ಟೇ ನಾವು ತಿಳಿದಿರುವಾಗ, ಪ್ರಪಂಚದ ಪ್ರಯೋಗಾಲಯಗಳಲ್ಲಿ ಅದೇ ಗೂಡನ್ನು ಕತ್ತರಿಸಿ, ಕುದಿಸಿ, ಕರಗಿಸಿ ಮನುಷ್ಯನ ಹರಿದ ನರಕ್ಕೆ, ಸುಟ್ಟ ಚರ್ಮಕ್ಕೆ, ಮುರಿದ ಮೂಳೆಗೆ ಆಸರೆ ಕಟ್ಟುವ ಕೆಲಸ ಸುಮಾರು ಮೂವತ್ತು ವರ್ಷಗಳಿಂದ ನಡೆಯುತ್ತಿದೆ. ಆ ಕೆಲಸವೇನು, ಅದರಲ್ಲಿ ನಿಜವೆಷ್ಟು, ಹಿಪ್ಪುನೇರಳೆಯ ತೋಟವನ್ನು ಕಿತ್ತು ಕಬ್ಬು, ಬಾಳೆ ಹಾಕಿರುವ ನಮ್ಮ ರೈತನಿಗೆ ಅದರಿಂದ ಏನಾದರೂ ಬರುವುದುಂಟೆ ಎಂಬುದನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ವೈದ್ಯರ ಕಪ್ಪು ದಾರ

ರೇಷ್ಮೆ ಮನುಷ್ಯನ ಮೈಯೊಳಗೆ ಸೇರಿದುದು ಇಂದು ನಿನ್ನೆಯ ಸಂಗತಿಯಲ್ಲ. ಗಾಯವಾಗಿ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಂಡವರು ಆ ಕಪ್ಪು ದಾರವನ್ನು ನೋಡಿರುತ್ತಾರೆ. ಬಹಳ ಸಂದರ್ಭಗಳಲ್ಲಿ ಅದು ಹೆಣೆದ ರೇಷ್ಮೆ. ಬಣ್ಣ ಹಾಕಿ, ಮೇಣವನ್ನೋ ಸಿಲಿಕೋನನ್ನೋ ಸವರಿದ ರೇಷ್ಮೆ. ನಮ್ಮ ಸುಶ್ರುತನು ಗಾಯ ಹೊಲಿಯಲು ಸೂಕ್ಷ್ಮವಾದ ನೂಲು, ಅಶ್ಮಂತಕದ ನಾರು, ಸೆಣಬು, ನಾರುಮಡಿಯ ಎಳೆ, ಸ್ನಾಯು, ಕೂದಲು ಇವುಗಳನ್ನು ಹೇಳುತ್ತಾನೆ. ರೋಮಿನ ವೈದ್ಯ ಗ್ಯಾಲೆನನು ರಕ್ತನಾಳವನ್ನು ಬಿಗಿಯಲು ರೇಷ್ಮೆ ಒಳ್ಳೆಯದೆಂದು ಹೇಳಿದ್ದಾನೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ವಿಟ್ಸರ್ಲೆಂಡಿನ ಕೋಖರ್, ಅಮೆರಿಕದ ಹಾಲ್ಸ್ಟೆಡ್ ಎಂಬ ಶಸ್ತ್ರವೈದ್ಯರಿಬ್ಬರು ಪ್ರಾಣಿಯ ಕರುಳಿನ ದಾರಕ್ಕಿಂತ ಸಣ್ಣ ರೇಷ್ಮೆಯೆಳೆಯೇ ಮೇಲೆಂದು ಸಾಧಿಸಿದರು. ಗಂಟು ಜಾರುವುದಿಲ್ಲ, ಕೈಗೆ ಮೆದು, ಎಳೆದರೆ ತಡೆಯುತ್ತದೆ. ಅಂದಿನಿಂದ ಇಂದಿನವರೆಗೆ ಕೃತಕ ದಾರಗಳು ಎಷ್ಟು ಬಂದರೂ ಶಸ್ತ್ರವೈದ್ಯನ ಪೆಟ್ಟಿಗೆಯಿಂದ ರೇಷ್ಮೆ ಪೂರ್ತಿಯಾಗಿ ಹೊರಬಿದ್ದಿಲ್ಲ.

ಹೀಗೆ ಮೈಯೊಳಗೆ ಸೇರಿ, ಮೈಯೊಡನೆ ಜಗಳವಾಡದೆ ಬಾಳುವ ವಸ್ತುವನ್ನು ಜೈವಿಕವಸ್ತು ಎನ್ನುತ್ತಾರೆ. ದೇಹ ಬಹಳ ಅನುಮಾನದ ಯಜಮಾನ. ಹೊರಗಿನದೊಂದು ಬಂದರೆ ಸೈನ್ಯ ಕಳುಹಿಸಿ ಮುತ್ತುತ್ತದೆ, ಊತ ಬರುತ್ತದೆ, ಕೀವಾಗುತ್ತದೆ. ಎಲ್ಲೋ ಕೆಲವು ವಸ್ತುಗಳನ್ನು ಮಾತ್ರ ಸುಮ್ಮನೆ ಬಿಡುತ್ತದೆ. ಆ ಕೆಲವನ್ನು ಮನುಷ್ಯ ಕಂಡುಕೊಂಡ ರೀತಿಯೂ ವಿಚಿತ್ರವೇ. ಎರಡನೆಯ ಮಹಾಯುದ್ಧದಲ್ಲಿ ವಿಮಾನಚಾಲಕರ ಕಣ್ಣೊಳಗೆ ಸಿಡಿದು ಹೊಕ್ಕಿದ್ದ ಪ್ಲಾಸ್ಟಿಕ್ ಚೂರುಗಳು ಕಣ್ಣನ್ನು ಕೆಡಿಸದೆ ಹಾಗೆಯೇ ಉಳಿದಿದ್ದುದನ್ನು ಹೆರಾಲ್ಡ್ ರಿಡ್ಲಿ ಎಂಬ ಆಂಗ್ಲ ವೈದ್ಯರು ನೋಡಿದರು. 1949ರ ನವೆಂಬರಿನಲ್ಲಿ ಅದೇ ಪ್ಲಾಸ್ಟಿಕ್ಕಿನ ಮಸೂರವನ್ನು ಲಂಡನಿನಲ್ಲಿ ರೋಗಿಯೊಬ್ಬರ ಕಣ್ಣಿನೊಳಗಿಟ್ಟರು. ನಮ್ಮ ನಾಡಿನಲ್ಲಿ ಡಾ. ಮೋದಿಯವರ ಶಿಬಿರಗಳಲ್ಲಿ ಪೊರೆ ತೆಗೆಸಿಕೊಂಡ ಅಜ್ಜ ಅಜ್ಜಿಯರು ಸೀಸೆಯ ತಳದಂಥ ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ತಿರುಗಾಡುತ್ತಿದ್ದುದು ಹಲವರಿಗೆ ನೆನಪಿರಬಹುದು. ಇಂದು ಆ ಕನ್ನಡಕ ಕಾಣದಿರುವುದಕ್ಕೆ ಕಾರಣ ಕಣ್ಣೊಳಗೆ ಕುಳಿತ ಆ ಪುಟ್ಟ ಮಸೂರ.

ನಮ್ಮ ದೇಶದಲ್ಲಿ ಈ ವಿದ್ಯೆಗೆ ಗಟ್ಟಿಯಾದ ಅಡಿಪಾಯ ಹಾಕಿದವರು ಡಾ. ಎಂ. ಎಸ್. ವಲಿಯತ್ತಾನ್. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಅವರೂ ಅವರ ಸಂಗಡಿಗರೂ ಹೃದಯದ ಕೃತಕ ಕವಾಟವೊಂದನ್ನು ರೂಪಿಸಲು ಹೊರಟು, ಮೂರು ಮಾದರಿಗಳಲ್ಲಿ ಸೋತು, ನಾಲ್ಕನೆಯದರಲ್ಲಿ ಗೆದ್ದರು. ನಡುವೆ ನೀಲಮಣಿಯ ಬಿಲ್ಲೆಯನ್ನು ಕೂಡ ಪ್ರಯೋಗಿಸಿದ್ದುಂಟು. ಗೆದ್ದುದು ಮಣಿಯಲ್ಲ, ಒಂದು ಬಗೆಯ ಪಾಲಿಥೀನ್! 1990ರ ಡಿಸೆಂಬರ್ 6ರಂದು ಅದನ್ನು ಮೊದಲ ಬಾರಿಗೆ ಮನುಷ್ಯನಲ್ಲಿ ಜೋಡಿಸಲಾಯಿತು. ಅನಂತರ ವಲಿಯತ್ತಾನರು ನಮ್ಮ ಮಣಿಪಾಲಕ್ಕೆ ಉಪಕುಲಪತಿಗಳಾಗಿ ಬಂದರು. 2024ರಲ್ಲಿ ತೀರಿಕೊಂಡ ಆ ಹಿರಿಯರನ್ನು ನೆನೆಯದೆ ಭಾರತದಲ್ಲಿ ಜೈವಿಕವಸ್ತುವಿನ ಮಾತನ್ನಾಡುವುದು ಸಲ್ಲದು.

ಕವಾಟವಾಗಲಿ ಮಸೂರವಾಗಲಿ ಮೈಯೊಳಗೆ ಸೇರಿದ ಮೇಲೆ ಅಲ್ಲಿಯೇ ಇರಬೇಕಾದ ವಸ್ತುಗಳು. ಈಚಿನವರ ಆಸೆ ಬೇರೆ. ಕೆಲಕಾಲ ಆಸರೆಯಾಗಿ ನಿಂತು, ದೇಹ ತನ್ನ ಮಾಂಸವನ್ನು ತಾನೇ ಕಟ್ಟಿಕೊಂಡಂತೆ ಮೆಲ್ಲಮೆಲ್ಲನೆ ಕರಗಿ ಹೋಗುವ ವಸ್ತು ಬೇಕು. ಮನೆ ಕಟ್ಟುವಾಗ ಸಾರುವೆ ಕಟ್ಟಿ, ಗೋಡೆ ಎದ್ದ ಮೇಲೆ ಬಿಚ್ಚುವುದಿಲ್ಲವೆ? ಹಾಗೆ. ಇಲ್ಲಿ ಮಾತ್ರ ಸಾರುವೆಯನ್ನು ಬಿಚ್ಚುವವರು ಯಾರೂ ಇಲ್ಲ, ಅದು ತಾನಾಗಿಯೇ ಕರಗಬೇಕು. ಬೇಗ ಕರಗಿದರೆ ಗೋಡೆ ಬೀಳುತ್ತದೆ, ತಡವಾದರೆ ಗೋಡೆ ಬೆಳೆಯುವುದಕ್ಕೆ ಅಡ್ಡಿ. ಈ ಹದಕ್ಕಾಗಿ ಹುಡುಕುತ್ತಿದ್ದವರ ಕಣ್ಣು ಮತ್ತೆ ರೇಷ್ಮೆಯ ಮೇಲೆ ಬಿತ್ತು. ಶಸ್ತ್ರವೈದ್ಯರ ಪಟ್ಟಿಯಲ್ಲಿ ರೇಷ್ಮೆ ಕರಗದ ದಾರವೆಂದು ಇದ್ದರೂ ಮೈಯೊಳಗೆ ಅದರ ಕಸುವು ತಿಂಗಳುಗಳಲ್ಲಿ ಕುಗ್ಗಿ, ವರ್ಷ ಎರಡು ವರ್ಷಗಳಲ್ಲಿ ಅದು ಸವೆದುಹೋಗುವುದನ್ನು ಅವರು ಗಮನಿಸಿದ್ದರು.

ಎಳೆಯೊಳಗಿನ ಗುಟ್ಟು

ಹುಳು ಸಾಕಿದವರಿಗೆ ನಾನು ಹೇಳಿಕೊಡಬೇಕಾದುದೇನೂ ಇಲ್ಲ. ಇರುವೆಗಿಂತ ಸಣ್ಣದಾಗಿ ಮೊಟ್ಟೆಯಿಂದ ಹೊರಬಂದ ಮರಿ ನಾಲ್ಕು ಜ್ವರಗಳನ್ನು ಕಳೆದು, ಇಪ್ಪತ್ತೈದು ಇಪ್ಪತ್ತಾರು ದಿನಗಳಲ್ಲಿ ಹತ್ತು ಸಾವಿರ ಪಟ್ಟು ತೂಕವಾಗಿ, ಹಣ್ಣಾಗಿ, ಚಂದ್ರಿಕೆಯನ್ನೇರುತ್ತದೆ. ಪಟ್ಟಣದ ಓದುಗರಿಗಾಗಿ ಒಂದು ಮಾತು ಸೇರಿಸುತ್ತೇನೆ. ಇಲ್ಲಿ ಜ್ವರವೆಂದರೆ ಕಾಯಿಲೆಯಲ್ಲ. ಹುಳು ಮೇವು ಬಿಟ್ಟು, ತಲೆಯೆತ್ತಿ ನಿಶ್ಚಲವಾಗಿ ನಿಂತು ಪೊರೆ ಬಿಡುವ ಕಾಲ. ಚಂದ್ರಿಕೆಯ ಸುರುಳಿಯಲ್ಲಿ ತಲೆಯನ್ನು ಎಂಟರ ಅಂಕಿಯಂತೆ ಆಡಿಸುತ್ತ ಎರಡು ಮೂರು ದಿನಗಳಲ್ಲಿ ಗೂಡು ಮುಗಿಸುತ್ತದೆ. ಒಳ್ಳೆಯ ದ್ವಿತಳಿಯ ಗೂಡಿನಲ್ಲಿ ಒಂದೇ ಎಳೆ 1,000 ಮೀಟರು ಇರುವುದುಂಟು. ತನ್ನ ನೂಲು ತನ್ನನ್ನೇ ಸುತ್ತಿಕೊಳ್ಳುವ ಈ ಹುಳುವನ್ನು ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿ ಸಂಸಾರದ ಕಟ್ಟಿಗೆ ಹೋಲಿಸಿದಳು. ವಚನಕಾರ್ತಿ ಕಂಡ ಹುಳುವನ್ನೇ ವಿಜ್ಞಾನಿ ಕಂಡಾಗ ಕೇಳಿದ ಪ್ರಶ್ನೆ ಬೇರೆ: ಹುಳುವಿನ ಹೊಟ್ಟೆಯಲ್ಲಿ ನೀರಾಗಿದ್ದ ರೇಷ್ಮೆ ಬಾಯಿಂದ ಹೊರಬಂದ ಕ್ಷಣವೇ ನೀರಿನಲ್ಲಿ ಕರಗದ ಗಟ್ಟಿ ಎಳೆಯಾಗುವುದು ಹೇಗೆ?

ಉತ್ತರ ಅದರ ಪ್ರೋಟೀನಿನಲ್ಲಿದೆ. ಗೂಡಿನ ಎಳೆಯಲ್ಲಿ ಎರಡು ಮುಖ್ಯ ಪ್ರೋಟೀನುಗಳಿವೆ. ಒಳಗೆ ಜೋಡಿ ಎಳೆಗಳಾಗಿ ಇರುವುದು ಫೈಬ್ರೋಯಿನ್. ಅವೆರಡನ್ನೂ ಅಂಟಿನಂತೆ ಮುಚ್ಚಿರುವುದು ಸೆರಿಸಿನ್. ಗೂಡಿನ ತೂಕದಲ್ಲಿ ಮುಕ್ಕಾಲು ಪಾಲು ಫೈಬ್ರೋಯಿನ್, ಕಾಲು ಪಾಲು ಸೆರಿಸಿನ್ ಎಂದಿಟ್ಟುಕೊಳ್ಳಬಹುದು. ಫೈಬ್ರೋಯಿನ್ನಿನ ಮುಖ್ಯ ಸರಪಳಿ ಐದು ಸಾವಿರಕ್ಕೂ ಹೆಚ್ಚು ಅಮೈನೋ ಆಮ್ಲಗಳ ಉದ್ದದ ಸರ. ಅದರಲ್ಲಿ ಅರ್ಧದ ಹತ್ತಿರ ಗ್ಲೈಸೀನ್, ಮೂರರಲ್ಲೊಂದು ಪಾಲಿನ ಹತ್ತಿರ ಅಲನೀನ್, ಉಳಿದುದರಲ್ಲಿ ಸೆರೀನ್ ಮುಂದು. ಮಗ್ಗಿ ಒಪ್ಪಿಸುವ ಹುಡುಗನಂತೆ ಇವು ಅದೇ ಕ್ರಮದಲ್ಲಿ ಮತ್ತೆ ಮತ್ತೆ ಬರುತ್ತವೆ. ಗ್ಲೈಸೀನ್ ಎಲ್ಲಕ್ಕಿಂತ ಸಣ್ಣ ಅಮೈನೋ ಆಮ್ಲ. ಅದಕ್ಕೆ ಪಕ್ಕಕ್ಕೆ ಚಾಚಿದ ಕೊಂಬೆರೆಂಬೆಗಳಿಲ್ಲ. ಆದುದರಿಂದ ಸರಪಳಿಗಳು ಒಂದರ ಪಕ್ಕದಲ್ಲೊಂದು, ಮಡಿಸಿಟ್ಟ ಸೀರೆಯ ಮಡಿಕೆಗಳಂತೆ, ಒತ್ತಾಗಿ ಕೂರುತ್ತವೆ. ಹೀಗೆ ಕುಳಿತ ಹರಳುಗಳ ಅಳತೆ ಕೆಲವೇ ನ್ಯಾನೋಮೀಟರು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರಾಗುತ್ತದೆ; ತಲೆಗೂದಲಿನ ದಪ್ಪ ಸುಮಾರು ಎಂಬತ್ತು ಸಾವಿರ ನ್ಯಾನೋಮೀಟರು. ನ್ಯಾನೋ ವಿಜ್ಞಾನವೆಂದು ಈಗ ಎಲ್ಲೆಲ್ಲೂ ಕೇಳಿಬರುವ ಮಾತನ್ನು ಹುಳು ತನ್ನ ಪಾಡಿಗೆ ತಾನು ಲಕ್ಷಾಂತರ ವರ್ಷಗಳಿಂದ ಮಾಡಿಕೊಂಡು ಬಂದಿದೆ.

ಹುಳು ತಲೆಯಾಡಿಸಿ ಎಳೆಯನ್ನು ಜಗ್ಗಿದಾಗ ಆ ಎಳೆತಕ್ಕೆ ಸರಪಳಿಗಳು ಸಾಲಾಗಿ ನಿಂತು, ನೀರನ್ನು ಹೊರದೂಡಿ, ಮಡಿಕೆಯಾಗಿ ಬಿಗಿಯುತ್ತವೆ. ಎಳೆ ಗಟ್ಟಿಯಾಗುವುದು ಹಾಗೆ. ಪ್ರಯೋಗಾಲಯದವರು ಈ ಕೆಲಸವನ್ನು ಹಿಮ್ಮುಖವಾಗಿ ಮಾಡುತ್ತಾರೆ: ಬಿಗಿದ ಮಡಿಕೆಯನ್ನು ಬಿಡಿಸಿ ಮತ್ತೆ ನೀರಾಗಿಸುತ್ತಾರೆ.

ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾನಿಲಯದಲ್ಲಿ ಡೇವಿಡ್ ಕ್ಯಾಪ್ಲಾನರೂ ಅವರ ಬಳಗದವರೂ ಇದಕ್ಕೊಂದು ಪಾಕಕ್ರಮವನ್ನೇ ಬರೆದಿಟ್ಟಿದ್ದಾರೆ. ಪಾಕಶಾಸ್ತ್ರದ ಪುಸ್ತಕದಷ್ಟೇ ಸರಳವಾಗಿದೆ. ಹುಳುವನ್ನು ತೆಗೆದ 5 ಗ್ರಾಂ ಗೂಡಿನ ಚೂರುಗಳನ್ನು ಎರಡು ಲೀಟರು ನೀರಿಗೆ ಹಾಕಿ, ನಾಲ್ಕು ಗ್ರಾಮಿಗೆ ತುಸು ಮೇಲ್ಪಟ್ಟು ಸೋಡಿಯಂ ಕಾರ್ಬೊನೇಟ್, ಎಂದರೆ ಬಟ್ಟೆ ಒಗೆಯುವ ಸೋಡ, ಬೆರೆಸಿ ಅರ್ಧ ಗಂಟೆ ಕುದಿಸುವುದು. ಅಂಟು ಕರಗಿ ಹೋಗುತ್ತದೆ. ಹತ್ತಿಯಂತೆ ಬೆಳ್ಳಗೆ ಫೈಬ್ರೋಯಿನ್ ಉಳಿಯುತ್ತದೆ. ಕೊಳ್ಳೇಗಾಲದಲ್ಲಿ ಸೀರೆಗೆ ನೂಲನ್ನು ಬಣ್ಣಕ್ಕಿಳಿಸುವ ಮುನ್ನ ಸಾಬೂನು, ಸೋಡಗಳಲ್ಲಿ ಬೇಯಿಸಿ ಅಂಟು ತೆಗೆಯುವವರು ಇದನ್ನು ನೋಡಿದರೆ, ‘ನಮ್ಮ ಕೆಲಸವೇ ಅಲ್ಲವೆ!’ ಎಂದಾರು. ಮುಂದಿನದು ಮಾತ್ರ ಅವರು ಮಾಡದ ಕೆಲಸ. ಒಣಗಿದ ಫೈಬ್ರೋಯಿನ್ನನ್ನು ಲಿಥಿಯಂ ಬ್ರೋಮೈಡ್ ಎಂಬ ಉಪ್ಪಿನ ಗಾಢ ದ್ರಾವಣದಲ್ಲಿ 60 ಡಿಗ್ರಿ ಶಾಖದಲ್ಲಿ ನಾಲ್ಕು ಗಂಟೆ ಇಡುತ್ತಾರೆ. ನೂರು ಮೊಳ ಜಗ್ಗಿದರೂ ಬಗ್ಗದ ರೇಷ್ಮೆ ಜೇನಿನಂತೆ ಕರಗಿ ನಿಲ್ಲುತ್ತದೆ. ಅನಂತರ ಸೂಕ್ಷ್ಮರಂಧ್ರದ ಚೀಲದಲ್ಲಿ ತುಂಬಿ, ಎರಡು ಮೂರು ದಿನ ನೀರು ಬದಲಿಸುತ್ತ, ಉಪ್ಪನ್ನೆಲ್ಲ ಹೊರಗೆ ಸೆಳೆದರೆ, ಬರಿಯ ನೀರಿನಲ್ಲಿ ತೇಲುವ ಶುದ್ಧ ರೇಷ್ಮೆ ಕೈಗೆ ಬರುತ್ತದೆ. ಹುಳುವಿನ ಹೊಟ್ಟೆಯೊಳಗೆ ಇದ್ದ ಸ್ಥಿತಿಗೆ ಅದು ಹೆಚ್ಚುಕಡಿಮೆ ಹಿಂತಿರುಗಿದಂತಾಯಿತು.

ಈ ಅಂಟು ತೆಗೆಯುವುದರ ಹಿಂದೆಯೂ ಒಂದು ಕಥೆಯಿದೆ. ಹಿಂದೆ ಹೊಲಿಗೆಯ ರೇಷ್ಮೆದಾರದಿಂದ ಕೆಲವರಿಗೆ ಊತ, ಅಲರ್ಜಿ ಆಗುತ್ತಿದ್ದುದುಂಟು. ರೇಷ್ಮೆಗೆ ಕೆಟ್ಟ ಹೆಸರೂ ಬಂದಿತ್ತು. ವಿಚಾರಿಸಿ ನೋಡಿದಾಗ ತಪ್ಪು ಎಳೆಯದಲ್ಲ, ಎಳೆಯ ಮೇಲೆ ಉಳಿದಿದ್ದ ಅಂಟಿನದೆಂದು ಕಂಡುಬಂತು. ಅಂಟನ್ನೇ ಬೇರೆಯಾಗಿಟ್ಟು ಪರೀಕ್ಷಿಸಿದರೆ ಅದೂ ಅಷ್ಟೇನೂ ಕೆಟ್ಟದ್ದಲ್ಲ. ಎರಡೂ ಕೂಡಿದಾಗ ತಂಟೆ. ಕೆಲವು ಅತ್ತೆ ಸೊಸೆಯರ ಹಾಗೆ ಎನ್ನಬಹುದು.

ಹಗ್ಗ, ಹಾಳೆ, ಹಿಟ್ಟು

ಕರಗಿದ ರೇಷ್ಮೆಯ ಗುಣವೆಂದರೆ ಅದು ಯಾವ ಅಚ್ಚಿಗೆ ಬೇಕಾದರೂ ಒಗ್ಗುವುದು. ತಟ್ಟೆಯಲ್ಲಿ ಸುರಿದು ಒಣಗಿಸಿದರೆ ಗಾಜಿನಂಥ ಹಾಳೆ. ಹರಳುಪ್ಪನ್ನು ಬೆರೆಸಿ ಹೆಪ್ಪುಗಟ್ಟಿಸಿ, ಬಳಿಕ ಉಪ್ಪನ್ನು ತೊಳೆದು ತೆಗೆದರೆ ಇಡ್ಲಿಯಂತೆ ರಂಧ್ರಮಯವಾದ ಸ್ಪಂಜು. ವಿದ್ಯುತ್ತಿನ ಸೆಳೆತದಲ್ಲಿ ಚಿಮ್ಮಿಸಿದರೆ ನ್ಯಾನೋ ಅಳತೆಯ ಎಳೆಗಳ ಜಾಲ. ಅಸಿಟೋನಿನೊಳಗೆ ಹನಿಹನಿಯಾಗಿ ಬಿಟ್ಟರೆ ಹಾಲಿನಂತೆ ಕದಡಿ, ನೂರು ನ್ಯಾನೋಮೀಟರಿನ ಆಸುಪಾಸಿನ ಕಣಗಳು. ಒಣಗಿದ ಹಾಳೆಯನ್ನು ಹಾಗೆಯೇ ಬಿಟ್ಟರೆ ನೀರಿಗೆ ಬಿದ್ದೊಡನೆ ಮತ್ತೆ ಕರಗೀತು. ಮದ್ಯಸಾರವನ್ನೋ ನೀರಿನ ಆವಿಯನ್ನೋ ತಾಗಿಸಿದರೆ ಮಡಿಕೆಗಳು ಮತ್ತೆ ಬಿಗಿಯುತ್ತವೆ. ಎಷ್ಟು ಬಿಗಿಸಿದರೆ ಅಷ್ಟು ದಿನ ಮೈಯೊಳಗೆ ನಿಲ್ಲುತ್ತದೆ. ಸಾರುವೆ ಇಷ್ಟು ದಿನ ನಿಲ್ಲಲಿ, ಆಮೇಲೆ ಕರಗಲಿ ಎಂದು ಮೊದಲೇ ಹೇಳಿ ಕಳುಹಿಸುವ ಈ ಅನುಕೂಲ ಬೇರೆ ವಸ್ತುಗಳಲ್ಲಿ ಇಷ್ಟು ಸುಲಭವಾಗಿ ದೊರೆಯುವುದಿಲ್ಲ.

ಕರಗಿಸದೆಯೂ ಒಂದು ಉಪಯೋಗವಾಯಿತು. ನನಗೆ ಬಹಳ ಹಿಡಿಸಿದ್ದು ಅದೇ. ಮೊಣಕಾಲಿನ ಕೀಲಿನಲ್ಲಿ ಎರಡು ಮೂಳೆಗಳನ್ನು ಅಡ್ಡಲಾಗಿ ಬಿಗಿಹಿಡಿದ ಒಂದು ನಾರುಗಟ್ಟು ಇದೆ. ಕಬಡ್ಡಿ, ಫುಟ್‌ಬಾಲ್ ಆಡುವ ಹುಡುಗರು ಕಾಲು ಹೊರಳಿಸಿಕೊಂಡು ಹರಿದುಕೊಳ್ಳುವುದು ಅದನ್ನೇ; ಒಮ್ಮೆ ಹರಿದರೆ ತಾನಾಗಿ ಕೂಡುವುದು ಅಪರೂಪ. ಕ್ಯಾಪ್ಲಾನರ ಬಳಗದ ಗ್ರೆಗರಿ ಆಲ್ಟ್‌ಮನ್ ಮೊದಲಾದವರು 2002ರಲ್ಲಿ ಇದಕ್ಕೊಂದು ರೇಷ್ಮೆಯ ಹಗ್ಗವನ್ನು ಹೊಸೆದರು. ಅಂಟು ತೆಗೆದ 30 ಎಳೆಗಳ ಒಂದು ಕಟ್ಟು. ಅಂಥ ಆರು ಕಟ್ಟು ಸೇರಿ ಒಂದು ಪುರಿ. ಮೂರು ಪುರಿ ಸೇರಿ ಒಂದು ಹುರಿ. ಆರು ಹುರಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಮನುಷ್ಯನ ನಾರುಗಟ್ಟಿನ ಬಲ, ಸೆಡೆತಗಳಿಗೆ ಸಮನಾಯಿತು. ಲೆಕ್ಕ ಹಾಕಿದರೆ 3,240 ಎಳೆಗಳು. ನೂಲಿಗೆ ಹುರಿ ಕೊಡುವ ಕೈಗಳನ್ನು ತಲೆತಲಾಂತರದಿಂದ ಕಂಡ ಊರಿನವರಿಗೆ ಇದರಲ್ಲಿ ಅರ್ಥವಾಗದ್ದೇನೂ ಇಲ್ಲ. ಎಷ್ಟು ಎಳೆಗೆ ಎಷ್ಟು ಹುರಿ ಎಂಬ ಹಳೆಯ ವಿದ್ಯೆಯೇ ಅದು. ಅವರು ಆರಂಭಿಸಿದ ಸಂಸ್ಥೆ ಮುಂದೆ ಇನ್ನೊಂದು ದೊಡ್ಡ ಸಂಸ್ಥೆಯ ಕೈಸೇರಿ, ಹೆಣೆದ ರೇಷ್ಮೆಯ ಬಲೆಯೊಂದು ಶಸ್ತ್ರಚಿಕಿತ್ಸೆಯಲ್ಲಿ ಸಡಿಲವಾದ ಮಾಂಸಕ್ಕೆ ಆಸರೆಯಾಗಿ ಅಲ್ಲಿನ ಮಾರುಕಟ್ಟೆಗೆ ಬಂದಿತು. ಮೊಣಕಾಲಿನ ಹಗ್ಗವಾಗಿ ಹೊರಟದ್ದು ಬೇರೊಂದು ಕೆಲಸಕ್ಕೆ ನಿಂತಿತು ಎಂಬುದನ್ನೂ ಮರೆಮಾಚಬಾರದು. ಪ್ರಯೋಗಾಲಯದಿಂದ ರೋಗಿಯ ಹಾಸಿಗೆಗೆ ಇರುವ ದಾರಿ ಅಷ್ಟು ನೇರವಲ್ಲ.

ನಮ್ಮವರಿಗೆ ಹೆಚ್ಚು ಹತ್ತಿರದ ಮಾತು ಗಾಯದ್ದು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣನ್ನು ಕಾಣದ ಮನೆತನ ಈಗ ವಿರಳ. ನನ್ನ ಬಂಧುಗಳಲ್ಲೇ ಹಿರಿಯರೊಬ್ಬರು ಚಪ್ಪಲಿ ಕಚ್ಚಿದ ಗಾಯವನ್ನು ತಿಂಗಳೊಪ್ಪತ್ತು ಅಲಕ್ಷಿಸಿ, ಕೊನೆಗೆ ಎರಡು ಬೆರಳುಗಳನ್ನು ಕಳೆದುಕೊಂಡರು. ನೋವೇ ಇಲ್ಲವೆಂದು ಅವರು ಹೇಳುತ್ತಿದ್ದರು, ನೋವಿಲ್ಲದಿದ್ದುದೇ ಕೇಡು. ಈ ಕಾಯಿಲೆಯಲ್ಲಿ ಕಾಲಿನ ನರಗಳು ಮರಗಟ್ಟುತ್ತವೆ, ಸಣ್ಣ ರಕ್ತನಾಳಗಳು ಕಟ್ಟುತ್ತವೆ. ಊತದ ಹಂತವನ್ನು ದಾಟಿ ಹೊಸ ಮಾಂಸ ಬೆಳೆಯುವ ಹಂತಕ್ಕೆ ಹುಣ್ಣು ಹೋಗಲಾರದೆ ನಿಂತುಬಿಡುತ್ತದೆ. ಗಾಯವನ್ನು ಗಾಳಿಗೆ ಬಿಟ್ಟು ಒಣಗಿಸಬೇಕು ಎಂಬುದು ನಮ್ಮೆಲ್ಲರ ಮನೆಯ ಹಿರಿಯರ ನಂಬಿಕೆ. 1962ರಲ್ಲಿ ಜಾರ್ಜ್ ವಿಂಟರ್ ಎಂಬವರು ಹಂದಿಗಳ ಮೇಲೆ ನಡೆಸಿದ ಪ್ರಯೋಗದಿಂದ, ತೇವವನ್ನು ಉಳಿಸಿ ಮುಚ್ಚಿದ ಗಾಯ ಒಣಬಿಟ್ಟ ಗಾಯಕ್ಕಿಂತ ಬೇಗ ಚರ್ಮ ಕಟ್ಟುವುದೆಂದು ತೋರಿಸಿದರು. ಹೀಗೆ ತೇವವನ್ನು ಹಿಡಿದಿಟ್ಟು, ಗಾಳಿಗೆ ದಾರಿ ಬಿಟ್ಟು, ಕೀಳುವಾಗ ಹೊಸ ಚರ್ಮವನ್ನು ಕಿತ್ತುಕೊಂಡು ಬಾರದಂಥ ಹೊದಿಕೆಗೆ ರೇಷ್ಮೆಯ ಹಾಳೆ ಚೆನ್ನಾಗಿ ಒದಗುತ್ತದೆ. ಅಮೆರಿಕದವರೆಗೆ ಹೋಗಬೇಕಾದುದಿಲ್ಲ. ಬೆಂಗಳೂರಿನ ಫೈಬ್ರೋಹೀಲ್ ಎಂಬ ಸಂಸ್ಥೆಯೇ ರೇಷ್ಮೆಯ ಪ್ರೋಟೀನಿನಿಂದ ಗಾಯದ ಹೊದಿಕೆಗಳನ್ನು ತಯಾರಿಸಿದೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಸಂಶೋಧನೆಯಿಂದ ಹುಟ್ಟಿದ ಸೆರಿಜೆನ್ ಎಂಬ ಸಂಸ್ಥೆ ಮೂಳೆಯ ಖಾಲಿಯನ್ನು ತುಂಬುವ ರೇಷ್ಮೆಯ ಕೆಲಸವನ್ನು ಹಿಡಿದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿಕ್ರಮ್‌ಜಿತ್ ಬಸು, ಕೌಶಿಕ್ ಚಟರ್ಜಿ ಇವರ ಬಳಗಗಳು ಮೂಳೆ ಮತ್ತು ಊತಕಗಳಿಗೆ ಒದಗುವ ಬಗೆಬಗೆಯ ಜೈವಿಕವಸ್ತುಗಳನ್ನು ಅಭ್ಯಾಸ ಮಾಡುತ್ತಿವೆ.

ಮೂಳೆಯ ಮಾತಿನಲ್ಲಿ ನ್ಯಾನೋಕಣಗಳು ಸಹಜವಾಗಿಯೇ ಬರುತ್ತವೆ. ನಮ್ಮ ಮೂಳೆಯ ತೂಕದಲ್ಲಿ ಹೆಚ್ಚಿನ ಪಾಲು ಕ್ಯಾಲ್ಸಿಯಂ ಫಾಸ್ಫೇಟಿನ ಸೂಕ್ಷ್ಮ ಹರಳುಗಳು. ಒಂದೊಂದೂ ಕೆಲವು ಹತ್ತು ನ್ಯಾನೋಮೀಟರಿನಷ್ಟು. ಪ್ರೋಟೀನಿನ ನಾರಿನ ಮೇಲೆ ಅವು ಪೋಣಿಸಿಕೊಂಡಿರುತ್ತವೆ. ಬರಿಯ ಹರಳಾದರೆ ಸೀಮೆಸುಣ್ಣದಂತೆ ಮುರಿದೀತು, ಬರಿಯ ನಾರಾದರೆ ಬಾಗೀತು. ಎರಡೂ ಕೂಡಿದ್ದರಿಂದ ಮೂಳೆ. ರೇಷ್ಮೆಯ ಸ್ಪಂಜಿನೊಳಗೆ ಅದೇ ಹರಳುಗಳನ್ನು ಕೂರಿಸಿ ಮೂಳೆಯ ಕೋಶಗಳಿಗೆ ನೆಲೆ ಮಾಡಿಕೊಡುವುದು ಸಂಶೋಧಕರ ಉಪಾಯ. ರೇಷ್ಮೆಯ ಕಣಗಳಲ್ಲಿ ಔಷಧವನ್ನು ಸೆರೆಯಿಟ್ಟು ಹುಣ್ಣಿನ ಜಾಗದಲ್ಲಿ ನಿಧಾನವಾಗಿ ಬಿಡುಗಡೆ ಮಾಡಿಸುವ ಪ್ರಯತ್ನವೂ ನಡೆದಿದೆ. ನೀರಿನಲ್ಲಿ ಕರಗಲೊಲ್ಲದ ಅರಿಸಿನದ ಸತ್ತ್ವವನ್ನು ಹೀಗೆ ರೇಷ್ಮೆಗಣದೊಳಗೆ ತುಂಬಿ ನೋಡಿದವರಿದ್ದಾರೆ. ಚಾಮರಾಜನಗರ ಜಿಲ್ಲೆಯ ರೈತ ಹಿಪ್ಪುನೇರಳೆ ಕಿತ್ತು ಅರಿಸಿನ ಹಾಕಿದ್ದರೆ ಬೇಸರಪಡಬೇಕಾಗಿಲ್ಲ, ಎರಡೂ ಒಂದೇ ಕಡೆ ಸೇರಿವೆ!

ಇಷ್ಟೆಲ್ಲ ಹೊಗಳಿದ ಮೇಲೆ ಎರಡು ಎಚ್ಚರದ ಮಾತುಗಳನ್ನೂ ಹೇಳಬೇಕು. ಕಣ ಸಣ್ಣದಾದಷ್ಟೂ ಅದು ಎಲ್ಲೆಲ್ಲಿಗೆ ಹೋದೀತೆಂಬ ಚಿಂತೆ ದೊಡ್ಡದು. ರಕ್ತವನ್ನು ಸೇರಿದ ನ್ಯಾನೋಕಣಗಳು ಬಹುಮಟ್ಟಿಗೆ ಯಕೃತ್ತಿನಲ್ಲೂ ಗುಲ್ಮದಲ್ಲೂ ಶೇಖರವಾಗುತ್ತವೆ. ಗಾಯದ ಪಟ್ಟಿಗೆ ಬೆಳ್ಳಿಯ ನ್ಯಾನೋಕಣ ಸೇರಿಸುವ ಪದ್ಧತಿಯಿದೆ. ಅದು ರೋಗಾಣುವನ್ನು ಕೊಲ್ಲುತ್ತದೆ, ನಿಜ. ಮಿತಿಮೀರಿದರೆ ನಮ್ಮ ಚರ್ಮದ ಕೋಶಗಳನ್ನೂ ಬಿಡದು. ಬೆಳ್ಳಿ ಎಂದೊಡನೆ ಶುಭವೆಂದು ಹಿಗ್ಗುವ ನಮ್ಮ ಜನ ಇದನ್ನು ಅರಿಯುವುದು ಒಳ್ಳೆಯದು. ಎರಡನೆಯದು ನಮ್ಮ ಊರಿನ ಅಭಿಮಾನಕ್ಕೆ ಸ್ವಲ್ಪ ಇರಿಸುಮುರಿಸು. ಅಸ್ಸಾಮಿನ ಮೂಗ, ಎರಿ, ಕಾಡಿನ ಟಸ್ಸಾರ್ ರೇಷ್ಮೆಗಳ ಪ್ರೋಟೀನಿನಲ್ಲಿ ಜೀವಕೋಶಗಳು ಕೈಹಿಡಿದು ನಿಲ್ಲುವುದಕ್ಕೆ ಅನುಕೂಲವಾದ ಮೂರು ಅಮೈನೋ ಆಮ್ಲಗಳ ಒಂದು ಕೊಂಡಿ ಇದೆ. ನಮ್ಮ ಹಿಪ್ಪುನೇರಳೆಯ ರೇಷ್ಮೆಯಲ್ಲಿ ಅದಿಲ್ಲ. ಬೇಕಾದರೆ ಹೊರಗಿನಿಂದ ಅಂಟಿಸಬೇಕು. ಖರಗಪುರದಲ್ಲಿ ಎಸ್. ಸಿ. ಕುಂಡು ಅವರೂ, ಗುವಾಹತಿಯಲ್ಲಿ ಬಿಮನ್ ಮಂಡಲ್ ಅವರೂ ಆ ಕಾಡುರೇಷ್ಮೆಗಳನ್ನು ಹಿಡಿದು ಬಹಳ ಕೆಲಸ ಮಾಡಿದ್ದಾರೆ. ಆದರೆ ಕರಗಿಸುವುದರಲ್ಲಿ ನಮ್ಮ ರೇಷ್ಮೆಯೇ ಸುಲಭ, ಕಾಡಿನದು ಮೊಂಡು.

ತೂತುಗೂಡಿನ ಬೆಲೆ

ಈ ಸಂಗತಿಗಳನ್ನು ಯಳಂದೂರಿನ ಬಳಿಯ ಹಳ್ಳಿಯೊಂದರಲ್ಲಿ ಇನ್ನೂ ಹುಳು ಸಾಕುತ್ತಿರುವ ಹಿರಿಯರೊಬ್ಬರಿಗೆ ನಾನು ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, ಹೊಗೆಸೊಪ್ಪನ್ನು ಪಕ್ಕಕ್ಕೆ ಸರಿಸಿಕೊಂಡು, ‘‘ಅದೆಲ್ಲ ಸರಿ ಮೇಷ್ಟ್ರೆ, ಊಜಿ ತೂತಾಕಿದ ಗೂಡ್ಗೂ ಬೆಲ ಬಂದದಾ?’’ ಎಂದರು.

ಅವರ ಪ್ರಶ್ನೆ ಬಹಳ ಆಳವಾದದ್ದು. 1980ರಲ್ಲಿ ಬಂಗಾಳದ ಗೂಡಿನೊಡನೆ ಊಜಿ ನೊಣ ಕರ್ನಾಟಕಕ್ಕೆ ಬಂದಿತು. ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಅದರ ಮರಿ ಹುಳುವನ್ನು ತಿಂದು, ಗೂಡನ್ನು ತೂತು ಮಾಡಿಕೊಂಡು ಹೊರಬೀಳುತ್ತದೆ. ತೂತು ಬಿದ್ದ ಗೂಡಿನಲ್ಲಿ ಎಳೆ ನೂರಾರು ಕಡೆ ತುಂಡಾಗಿರುವುದರಿಂದ ನೂಲು ಬಿಚ್ಚಲು ಬಾರದು. ಮಾರುಕಟ್ಟೆಯಲ್ಲಿ ಅದಕ್ಕೆ ಕಸದ ಬೆಲೆ. ಊಜಿ, ಬತ್ತಿದ ಬಾವಿ, ಚೀನಾದ ಅಗ್ಗದ ರೇಷ್ಮೆ ಇವು ಮೂರೂ ಸೇರಿ ಈ ಸೀಮೆಯ ಮಳೆಯಾಶ್ರಯದ ತೋಟಗಳನ್ನು ಒಂದೊಂದಾಗಿ ನುಂಗಿದುವು. ಆದರೆ ಕರಗಿಸುವವನಿಗೆ ಎಳೆಯ ಉದ್ದದ ಹಂಗಿಲ್ಲ! ಅವನು ಹೇಗೂ ಒಳ್ಳೆಯ ಗೂಡನ್ನು ಕತ್ತರಿಯಿಂದ ಕತ್ತರಿಸಿಯೇ ಕುದಿಸುತ್ತಾನೆ. ಪ್ರೋಟೀನು ತೂತುಗೂಡಿನಲ್ಲೂ ಅದೇ. ಸೀರೆಗೆ ಸಲ್ಲದ ಗೂಡು ಗಾಯಕ್ಕೆ ಸಲ್ಲಬಹುದು.

‘ಬಹುದು’ ಎಂಬಲ್ಲಿ ನಾವು ತುಸು ನಿಲ್ಲಬೇಕು. ಒಂದು ಲೆಕ್ಕ ಹಾಕೋಣ. ಅಂಗೈ ಅಗಲದ, ಎಂದರೆ ಹತ್ತು ಸೆಂಟಿಮೀಟರು ಉದ್ದ, ಹತ್ತು ಅಗಲ, ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು ದಪ್ಪದ ರೇಷ್ಮೆಯ ಹಾಳೆಗೆ ಹೆಚ್ಚೆಂದರೆ ಒಂದೂವರೆ ಗ್ರಾಂ ಫೈಬ್ರೋಯಿನ್ ಸಾಕು. ಒಂದು ಕಿಲೋ ಹಸಿಗೂಡಿನಲ್ಲಿ ಗೂಡುಗಳು ಸುಮಾರು 600; ಹುಳುವನ್ನು ತೆಗೆದರೆ ಒಂದೊಂದರ ಸಿಪ್ಪೆ 0.3 ಗ್ರಾಂ, ಒಟ್ಟು 180 ಗ್ರಾಂ, ಅಂಟು ಹೋದರೆ 130 ಗ್ರಾಂ. ನಷ್ಟವನ್ನು ಎಣಿಸದಿದ್ದರೆ ಕಿಲೋ ಗೂಡಿನಿಂದ ಎಂಬತ್ತೈದು ತೊಂಬತ್ತು ಹಾಳೆಗಳಾದುವು. ನೂರು ಮೊಟ್ಟೆ ಸಾಕಿ 60 ಕಿಲೋ ಗೂಡು ತೆಗೆದ ರೈತನ ಒಂದೇ ಬೆಳೆಯಿಂದ ಐದು ಸಾವಿರಕ್ಕೂ ಮಿಕ್ಕಿದ ಹಾಳೆಗಳು! ದೊಡ್ಡ ಆಸ್ಪತ್ರೆಯೊಂದಕ್ಕೆ ಬಹುಕಾಲ ಸಾಕು. ಇದರ ಅರ್ಥ ಸ್ಪಷ್ಟ. ವೈದ್ಯಕ್ಕೆ ಬೇಕಾದ ರೇಷ್ಮೆ ಮುಷ್ಟಿಯಷ್ಟು. ನಾಡಿನ ಗೂಡನ್ನೆಲ್ಲ ಕೊಳ್ಳುವ ಶಕ್ತಿ ಸೀರೆಗೆ ಮಾತ್ರ ಇದೆ. ರೇಷ್ಮೆಯ ಪಟ್ಟಿ ಬಂದುದರಿಂದ ಮಾರುಕಟ್ಟೆಯಲ್ಲಿ ಗೂಡಿನ ಧಾರಣೆ ಏರೀತೆಂದು ಯಾರಾದರೂ ಭಾಷಣ ಮಾಡಿದರೆ ರೈತರು ನಂಬಬೇಕಾದುದಿಲ್ಲ.

ಹಾಗಾದರೆ ಲಾಭ ಎಲ್ಲಿ? ಗೂಡಿನ ಬೆಲೆಗೂ ಹಾಳೆಯ ಬೆಲೆಗೂ ನಡುವೆ ಇರುವ ದೊಡ್ಡ ಕಂದಕದಲ್ಲಿ. ಆ ಕಂದಕದಲ್ಲಿ ಕುದಿಸುವ ಕೋಣೆ, ಶುದ್ಧಜಲ, ರೋಗಾಣುರಹಿತವಾಗಿಸುವ ಯಂತ್ರ, ಪರೀಕ್ಷೆ, ಪರವಾನಗಿ ಇವೆಲ್ಲ ಇವೆ. 2017ರ ವೈದ್ಯಕೀಯ ಸಾಧನಗಳ ನಿಯಮಾವಳಿ 2018ರ ಜನವರಿಯಿಂದ ಜಾರಿಗೆ ಬಂದ ಮೇಲೆ ಇಂಥ ವಸ್ತುವಿಗೆ ಕಚ್ಚಾಮಾಲಿನಿಂದ ಹಿಡಿದು ಕಟ್ಟುವ ಪೊಟ್ಟಣದವರೆಗೆ ದಾಖಲೆ ಬೇಕು. ಈ ಗೂಡು ಯಾವ ತಳಿಯದು, ಯಾವ ತೋಟದ ಸೊಪ್ಪು ತಿಂದುದು, ತೋಟಕ್ಕೆ ಏನು ಸಿಂಪಡಿಸಿದ್ದರು, ಹುಳುವಿನ ಹಾಸಿಗೆಗೆ ಯಾವ ಪುಡಿ ಎರಚಿದ್ದರು ಎಂಬ ಪ್ರಶ್ನೆಗಳಿಗೆ ಉತ್ತರವಿರಬೇಕು. ಮಾರುಕಟ್ಟೆಯ ಜಾಲರಿಯಲ್ಲಿ ಹತ್ತು ಹಳ್ಳಿಯ ಗೂಡು ಬೆರೆತ ಮೇಲೆ ಈ ಉತ್ತರ ಹೇಳುವವರಾರು? ಊಜಿ ತಿಂದ ಗೂಡಿನೊಳಗೆ ಕೊಳೆತ ಹುಳುವಿನ ಕಲೆಯೂ ಇರುವುದರಿಂದ ಅದಕ್ಕೆ ಇನ್ನೂ ಹೆಚ್ಚಿನ ಪರೀಕ್ಷೆ.

ಇಲ್ಲಿ ನಮ್ಮ ರೈತನ ಪಕ್ಷದಲ್ಲಿ ಒಂದು ಮಾತಿದೆ. ಹಿಪ್ಪುನೇರಳೆಯ ತೋಟ ಸ್ವಭಾವತಃ ವಿಷಕ್ಕೆ ದೂರ. ಪಕ್ಕದ ಹೊಲದಲ್ಲಿ ಔಷಧ ಸಿಂಪಡಿಸಿದರೂ ಹುಳು ಸಾಯುತ್ತದೆಂದು ಸಾಕುವವನು ಜಗಳಕ್ಕೆ ಹೋಗುತ್ತಾನೆ. ಅಷ್ಟು ನಾಜೂಕಾದ ಪ್ರಾಣಿ ಬದುಕಿ ಗೂಡು ಕಟ್ಟಿತೆಂದರೆ ಆ ಸೊಪ್ಪಿನ ಶುದ್ಧತೆಗೆ ಅದೇ ಮೊದಲ ಸಾಕ್ಷಿ. 1961ರಿಂದ ಮೈಸೂರಿನಲ್ಲಿ ಕೇಂದ್ರೀಯ ರೇಷ್ಮೆ ಸಂಶೋಧನ ಮತ್ತು ತರಬೇತಿ ಸಂಸ್ಥೆಯಿದೆ. ತಳಿಯ ವಂಶಾವಳಿಯನ್ನೂ ಸೋಂಕುನಿವಾರಣೆಯ ಕ್ರಮವನ್ನೂ ಅಲ್ಲಿನವರು ಬಲ್ಲರು. ಬೆಂಗಳೂರಿನಲ್ಲಿ ಕೇಂದ್ರ ರೇಷ್ಮೆ ಮಂಡಲಿಯ ಕಚೇರಿಯಿದೆ. ಹತ್ತಿಪ್ಪತ್ತು ಸಾಕಣೆದಾರರು ಒಂದಾಗಿ, ಒಂದೇ ತಳಿ, ಒಂದೇ ಕ್ರಮ, ಬೆಳೆಬೆಳೆಗೂ ಪುಸ್ತಕ ಎಂದು ಕಟ್ಟು ಮಾಡಿಕೊಂಡರೆ, ಗೂಡನ್ನು ಮಾರುಕಟ್ಟೆಯ ರಾಶಿಗೆ ಸುರಿಯದೆ, ಕೊಳ್ಳುವವನೊಡನೆ ನೇರವಾಗಿ ಬೆಲೆ ಮಾತನಾಡಬಹುದು ಎಂಬುದು ನನ್ನ ಅಭಿಪ್ರಾಯ. ಕೊಳ್ಳೇಗಾಲದ ಸೀಮೆಯಲ್ಲಿ ಅಂಥ ಇಪ್ಪತ್ತು ಮನೆಗಳು ಸಿಕ್ಕುವುದು ಈಗಲೂ ಕಷ್ಟವಲ್ಲ. ಪುಸ್ತಕ ಬರೆಯುವ ಮಕ್ಕಳು ಮನೆಮನೆಯಲ್ಲೂ ಓದಿಕೊಂಡು ಕುಳಿತಿದ್ದಾರೆ.

ಇದನ್ನೆಲ್ಲ ಹೇಳಿದಾಗ ಆ ಹಿರಿಯರು ಒಂದು ಗೂಡನ್ನು ಕೈಗೆತ್ತಿಕೊಂಡು ಕಿವಿಯ ಬಳಿ ಅಲುಗಿಸಿ ನೋಡಿದರು. ಒಳಗಿನ ಕೋಶ ಬಲಿತು ಗಟ್ಟಿಯಾಗಿದೆಯೆ ಎಂದು ಸದ್ದಿನಿಂದಲೇ ಹೇಳಬಲ್ಲ ಕಿವಿ ಅದು. ‘‘ಪುಸ್ತಕ ನನ್ ಮೊಮ್ಮಗಳು ಬರದಾಳು. ಆದ್ರ ಅವ್ರು ನಮ್ ಮನತಕ ಬಂದು ಕೇಳ್ಬೇಕಲ್ಲ?’’ ಎಂದರು. ನೂಲು ಬೇಯಿಸಿದ ಸೋಡದ ನೀರನ್ನು ಬಣ್ಣದ ಮನೆಗಳವರು ಏನು ಮಾಡುತ್ತಾರೆ ಎಂದು ಅವರನ್ನು ಕೇಳಿದೆ. ಚರಂಡಿಗೆ ಚೆಲ್ಲುತ್ತಾರೆ ಎಂದರು. ಗೂಡಿನ ತೂಕದ ಕಾಲು ಪಾಲಿನಷ್ಟು ಸೆರಿಸಿನ್ ಹಾಗೆ ಹರಿದುಹೋಗುತ್ತಿದೆ. ಚರ್ಮಕ್ಕೆ ತೇವ ಉಳಿಸುವ ಲೇಪಗಳಲ್ಲಿ ಅದನ್ನು ಬಳಸುವವರಿದ್ದಾರೆ. ಗಾಯ ಮಾಯಿಸುವ ಮುಲಾಮುಗಳಿಗೂ ಅದನ್ನು ಪರೀಕ್ಷಿಸಿ ನೋಡಿದ್ದಾರೆ. ಸೋಡದಿಂದ ಅದನ್ನು ಬೇರ್ಪಡಿಸುವುದು ದುಬಾರಿ. ಸೋಡವಿಲ್ಲದೆ, ಬಿಗಿಮುಚ್ಚಿದ ಪಾತ್ರೆಯಲ್ಲಿ ಒತ್ತಡದ ಬಿಸಿನೀರಿನಿಂದಲೇ ಅಂಟು ತೆಗೆದರೆ ಅದು ಶುದ್ಧವಾಗಿ ಉಳಿಯುತ್ತದೆ.